ಘಾಟಿ ಹತ್ತುವ ಬೀಟಲ್‌ಗೆ ಯಾವ ಕಾರ್ಬೊರೇಟರ್, ಯಾವ ಡೆಲ್ಕೊ?

ಸಂಪಾಜೆ ಘಾಟಿಯ ತಿರುವಿನಲ್ಲಿ ಸೆಕೆಂಡ್ ಗೇರ್ ಹಾಕಿ ಆಕ್ಸಿಲೇಟರ್ ಒತ್ತುತ್ತೀರಿ. ಗಾಡಿ ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ನಿಂತು, ಆಮೇಲೆ ಜರ್ಕ್ ಹೊಡೆದು ಮುಂದೆ ಹೋಗುತ್ತದೆ. ನಿಮ್ಮ ಫೋಕ್ಸ್‌ವ್ಯಾಗನ್ ಬೀಟಲ್ ಹೀಗೆ ಮಾಡುತ್ತಿದ್ದರೆ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೊರೇಟರನ್ನು ತಕ್ಷಣ ಬಿಚ್ಚಬೇಡಿ. ಬಹಳ ಸಲ ಕಾರ್ಬೊರೇಟರ್ ಚೆನ್ನಾಗಿಯೇ ಇರುತ್ತದೆ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ (ಮೆಕ್ಯಾನಿಕ್‌ಗಳ ಬಾಯಲ್ಲಿ 'ಡೆಲ್ಕೊ') ಕೂಡ ಚೆನ್ನಾಗಿರುತ್ತದೆ. ಆದರೆ ಅವೆರಡೂ ಒಂದಕ್ಕೊಂದು ಹೊಂದುವ ಜೋಡಿ ಆಗಿರುವುದಿಲ್ಲ.

ನನಗೆ ಇದು ಗೊತ್ತಾಗಲು ಎರಡು ಮಳೆಗಾಲ ಬೇಕಾಯಿತು. ನನ್ನ 1600 ಸಿಸಿ ಎಂಜಿನ್‌ಗೆ ಒಬ್ಬ ಮಾರಾಟಗಾರರು ಹೊಸ ಕಾರ್ಬೊರೇಟರ್ ಮತ್ತು ಡಿಸ್ಟ್ರಿಬ್ಯೂಟರ್ ಸೇರಿಸಿ ಕೊಟ್ಟರು. "ಎಲ್ಲಾ ಬೀಟಲ್‌ಗೂ ಆಗುತ್ತೆ ಸಾರ್" ಎಂದರು. ನಾನು ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸಿದೆ, ಫ್ಲೋಟ್ ನೋಡಿದೆ, ಪ್ಲಗ್ ಹಾಕಿದೆ, ಏನು ಮಾಡಿದರೂ ಆ ಜರ್ಕ್ ಹೋಗಲಿಲ್ಲ. ಕೊನೆಗೆ ವಿರಾಜಪೇಟೆಯ ಒಬ್ಬ ಹಳೆಯ ಮೆಕ್ಯಾನಿಕ್ ಹಿಂದಿನ ಮುಚ್ಚಳ ಎತ್ತಿ ನೋಡಿದವರೇ ಹೇಳಿದರು: "ಈ ಡೆಲ್ಕೊಗೆ ಪೈಪೇ ಇಲ್ಲವಲ್ಲ. ಕಾರ್ಬೊರೇಟರ್ ಯಾರಿಗೆ ಹೇಳಬೇಕು?" ವಿಷಯ ಇಷ್ಟೇ. ಆ ಪೈಪ್ ಏನು ಮಾಡುತ್ತದೆ ಎಂದು ತಿಳಿದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಕಿಡಿ ಯಾವಾಗ ಹಾರಬೇಕು ಎನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಎಷ್ಟು ಭಾರ ಎಳೆಯುತ್ತಿದೆ. ವೇಗ ಹೆಚ್ಚಾದಂತೆ ಕಿಡಿ ಮೊದಲೇ ಬರಬೇಕು. ಇದನ್ನು ಡಿಸ್ಟ್ರಿಬ್ಯೂಟರ್ ಒಳಗಿನ ತೂಕ ಮತ್ತು ಸ್ಪ್ರಿಂಗ್‌ಗಳು ನೋಡಿಕೊಳ್ಳುತ್ತವೆ. ಭಾರ ಕಡಿಮೆ ಇದ್ದಾಗಲೂ, ಅಂದರೆ ಆಕ್ಸಿಲೇಟರ್ ಸ್ವಲ್ಪವೇ ಒತ್ತಿ ಆರಾಮಾಗಿ ಹೋಗುವಾಗಲೂ, ಕಿಡಿ ಇನ್ನಷ್ಟು ಮೊದಲೇ ಬರಬೇಕು, ಏಕೆಂದರೆ ಆಗ ಸಿಲಿಂಡರ್‌ನಲ್ಲಿ ಗಾಳಿ-ಪೆಟ್ರೋಲ್ ತೆಳುವಾಗಿದ್ದು ನಿಧಾನವಾಗಿ ಉರಿಯುತ್ತದೆ. ಈ ಎರಡನೆಯ ಕೆಲಸಕ್ಕೇ ಕಾರ್ಬೊರೇಟರ್‌ನಿಂದ ಬರುವ ವ್ಯಾಕ್ಯೂಮ್ (ಗಾಳಿಯ ಎಳೆತ) ಪೈಪ್ ಇರುವುದು. ಪೂರ್ತಿ ಒತ್ತಿ ಏರು ಹತ್ತುವಾಗ ವ್ಯಾಕ್ಯೂಮ್ ಬಿದ್ದು ಹೋಗುತ್ತದೆ, ಕಿಡಿ ಹಿಂದಕ್ಕೆ ಬರುತ್ತದೆ, ನಾಕಿಂಗ್ (ಸಿಲಿಂಡರ್ ಒಳಗೆ ಟಕಟಕ ಹೊಡೆಯುವ ತಪ್ಪು ಉರಿ) ಆಗುವುದಿಲ್ಲ. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್‌ಗೆ ನಾಕಿಂಗ್ ಎಂದರೆ ಹೆಡ್‌ಗೆ, ಅಂದರೆ ಸಿಲಿಂಡರ್ ಮುಚ್ಚಳಕ್ಕೆ, ಅಪಾಯ. ಕೊಡಗಿನಲ್ಲಿ ನಾವು ದಿನವೂ ಮಾಡುವುದು ಇದನ್ನೇ ಅಲ್ವಾ? ಒತ್ತು, ಬಿಡು, ತಿರುವು, ಮತ್ತೆ ಒತ್ತು. ನೆಟ್ಟಗಿನ ಹೆದ್ದಾರಿಯಲ್ಲಿ ಓಡುವ ಗಾಡಿಗೆ ಗೊತ್ತಾಗದ ದೋಷ ಇಲ್ಲಿ ಮೊದಲ ಹೇರ್‌ಪಿನ್‌ನಲ್ಲೇ ಗೊತ್ತಾಗುತ್ತದೆ.

ಹಾಗಾಗಿ ಮೊದಲು ಎಂಜಿನ್ ಯಾವುದು ಎಂದು ನೋಡಿ. ಆರ್‌ಸಿ ಪುಸ್ತಕ ನಂಬಬೇಡಿ. ನಮ್ಮ ಕಡೆ ಉಳಿದಿರುವ ಗಾಡಿಗಳು ಕೈಯಿಂದ ಕೈಗೆ ಬಂದವು, ಎಂಜಿನ್ ಬದಲಾಗಿರಬಹುದು. ಡೈನಮೊ ನಿಂತಿರುವ ಸ್ಟ್ಯಾಂಡ್‌ನ ಬುಡದಲ್ಲಿ, ಎಂಜಿನ್ ಮೈಮೇಲೆ ನಂಬರ್ ಕೊರೆದಿರುತ್ತದೆ. 'ಡಿ' ಅಕ್ಷರದಿಂದ ಶುರುವಾದರೆ 1200, 'ಎಫ್' ಆದರೆ 1300, 'ಎಚ್' ಆದರೆ 1500, 'ಎಡಿ' ಅಥವಾ 'ಎಇ' ಆದರೆ ಡ್ಯುಯಲ್ ಪೋರ್ಟ್ 1600. ಡ್ಯುಯಲ್ ಪೋರ್ಟ್, ಅಂದರೆ ಪ್ರತಿ ಹೆಡ್‌ಗೆ ಎರಡು ಗಾಳಿ ಬಾಯಿ, ಕಣ್ಣಿಗೇ ಕಾಣುತ್ತದೆ. ಕಾರ್ಬೊರೇಟರ್‌ನಿಂದ ಹೊರಟ ಮ್ಯಾನಿಫೋಲ್ಡ್ ಪೈಪ್ ಹೆಡ್ ತಲುಪುವ ಮೊದಲು ಒಂದು ರಬ್ಬರ್ ಬೂಟ್, ಅದರಾಚೆ ಎರಡು ಬಾಯಿಯ ಅಲ್ಯೂಮಿನಿಯಂ ತುಂಡು ಇರುತ್ತದೆ. ಸಿಂಗಲ್ ಪೋರ್ಟ್ ಆದರೆ ಕಬ್ಬಿಣದ ಪೈಪ್ ನೇರ ಹೆಡ್‌ಗೆ ಹೋಗುತ್ತದೆ.

ಇನ್ನು ಜೋಡಿಗಳು. 1200ಕ್ಕೆ ಸೋಲೆಕ್ಸ್ ಕಂಪನಿಯ 28 ಪಿಕ್ಟ್ ಕಾರ್ಬೊರೇಟರ್, 1300 ಮತ್ತು 1500ಕ್ಕೆ 30 ಪಿಕ್ಟ್-1. ಇವೆರಡರ ಜೊತೆ ಬಂದದ್ದು ವ್ಯಾಕ್ಯೂಮ್ ಒಂದರಿಂದಲೇ ನಡೆಯುವ ಡಿಸ್ಟ್ರಿಬ್ಯೂಟರ್, ಅದರಲ್ಲಿ ತೂಕಗಳೇ ಇಲ್ಲ. ಇದನ್ನು ಕಳಪೆ ಎಂದು ಕಿತ್ತು ಬಿಸಾಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆ ಕಾರ್ಬೊರೇಟರ್‌ಗಳ ವ್ಯಾಕ್ಯೂಮ್ ತೂತನ್ನು ಈ ಡಿಸ್ಟ್ರಿಬ್ಯೂಟರ್‌ಗೆಂದೇ ಕೊರೆದಿದ್ದಾರೆ. ಎಂಜಿನ್ ವೇಗ, ಭಾರ ಎರಡನ್ನೂ ಅದೊಂದೇ ಪೈಪ್ ತಿಳಿಸುತ್ತದೆ. ಎರಡೂ ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದಕ್ಕಿಂತ ನಯವಾಗಿ ಓಡುವ ಜೋಡಿ ನಾನು ಕಂಡಿಲ್ಲ. ಆದರೆ ಇದೇ ಡಿಸ್ಟ್ರಿಬ್ಯೂಟರನ್ನು 34 ಪಿಕ್ಟ್-3ರ ಜೊತೆ ಹಾಕಿದರೆ ಅಡ್ವಾನ್ಸ್ (ಕಿಡಿ ಎಷ್ಟು ಮೊದಲು ಬರಬೇಕು ಎಂಬ ಲೆಕ್ಕ) ಪೂರ್ತಿ ತಪ್ಪುತ್ತದೆ, ಏಕೆಂದರೆ 34ರ ತೂತು ಬೇರೆ ಜಾಗದಲ್ಲಿದೆ, ಅದು ಕೊಡುವ ಸುದ್ದಿಯೂ ಬೇರೆ.

1971ರಿಂದ ಬಂದ ಡ್ಯುಯಲ್ ಪೋರ್ಟ್ 1600ಕ್ಕೆ 34 ಪಿಕ್ಟ್-3 ತೆಗೆದುಕೊಳ್ಳಿ. ಅದರ ಜೊತೆಗೆ ವ್ಯಾಕ್ಯೂಮ್ ಡಬ್ಬಿ ಮತ್ತು ತೂಕ ಎರಡೂ ಇರುವ ಡಿಸ್ಟ್ರಿಬ್ಯೂಟರ್. ಅಂಗಡಿಯಲ್ಲಿ 'ಎಸ್‌ವಿಡಿಎ' ಎಂದು ಕೇಳಿ, ಬಾಷ್ ಆದರೆ ನಂಬರಿನ ಕೊನೆಗೆ 034 ಇರುತ್ತದೆ. ಡಬ್ಬಿಗೆ ಒಂದೇ ಪೈಪ್ ಇರಬೇಕು. ಎರಡು ಪೈಪ್ ಇರುವ ಡಬ್ಬಿಯೂ ಇದೆ. ಅದರ ಎರಡನೆಯ ಪೈಪ್ ಐಡ್ಲಿಂಗ್‌ನಲ್ಲಿ ಕಿಡಿಯನ್ನು ತಡ ಮಾಡಲು, ಹೊಗೆ ನಿಯಮಕ್ಕಾಗಿ ಇಟ್ಟದ್ದು. ಇದ್ದರೆ ಇಟ್ಟುಕೊಳ್ಳಿ, ಹೊಸದಾಗಿ ಹುಡುಕಿಕೊಂಡು ಹೋಗಬೇಡಿ.

ಈಗ ನನಗೆ ಕೊಟ್ಟಿದ್ದ ಆ ಪೈಪ್ ಇಲ್ಲದ ಡೆಲ್ಕೊ, 009. ಬಾಷ್ 009 ಎಂಬ ಡಿಸ್ಟ್ರಿಬ್ಯೂಟರ್‌ನಲ್ಲಿ ತೂಕ ಮಾತ್ರ ಇದೆ, ಪೈಪ್ ಇಲ್ಲ. ಸುಲಭವಾಗಿ ಸಿಗುತ್ತದೆ, ಬೆಲೆ ಕಡಿಮೆ, ಆದ್ದರಿಂದ ಎಲ್ಲರೂ ಅದನ್ನೇ ಕೊಡುತ್ತಾರೆ. 34 ಪಿಕ್ಟ್-3ಕ್ಕೆ ಆಕ್ಸಿಲೇಟರ್ ಸ್ವಲ್ಪ ತೆರೆದ ತಕ್ಷಣ ಕಿಡಿ ಮುಂದಕ್ಕೆ ಬರಬೇಕು. 009 ವೇಗ ಏರುವ ತನಕ ಕಾಯುತ್ತದೆ. ಆ ಕಾಯುವಿಕೆಯೇ ನಿಮ್ಮ ಜರ್ಕ್. ಜೆಟ್ ದೊಡ್ಡದು ಮಾಡಿ, ಪಂಪಿನ ಪೆಟ್ರೋಲ್ ಜಾಸ್ತಿ ಮಾಡಿ ಅದನ್ನು ಮುಚ್ಚಬಹುದು, ಆದರೆ ಮೈಲೇಜ್ ಹೋಗುತ್ತದೆ, ಪ್ಲಗ್ ಕಪ್ಪಾಗುತ್ತದೆ. 009ಕ್ಕೂ ಒಂದು ಜಾಗ ಇದೆ. ಎರಡು ಕಾರ್ಬೊರೇಟರ್ ಹಾಕಿದ ಎಂಜಿನ್‌ನಲ್ಲಿ ಒಳ್ಳೆಯ ವ್ಯಾಕ್ಯೂಮ್ ಸಿಗುವುದು ಕಷ್ಟ, ಅಲ್ಲಿ ಅದು ನಡೆಯುತ್ತದೆ. ತೋಟಕ್ಕೆ, ಪೇಟೆಗೆ, ಮದುವೆಗೆ ಓಡುವ ಗಾಡಿಗೆ ಎರಡು ಕಾರ್ಬೊರೇಟರ್ ಬೇಡ ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಎರಡನ್ನೂ ಸಮ ಮಾಡಿಕೊಂಡೇ ಇರಬೇಕು, ಹಲವು ಕಿಟ್‌ಗಳಲ್ಲಿ ಚೋಕ್ ಇಲ್ಲ.

ನಮ್ಮ ಮಳೆಗಾಲಕ್ಕೆ ಬೇರೆಯದೇ ಒಂದು ಲೆಕ್ಕ ಇದೆ. ಪೆಟ್ರೋಲ್ ಆವಿಯಾಗುವಾಗ ಕಾರ್ಬೊರೇಟರ್ ಗಂಟಲು ಬಹಳ ತಣ್ಣಗಾಗುತ್ತದೆ. ಜುಲೈ ತಿಂಗಳ ಮಡಿಕೇರಿಯ ಮಂಜಿನಲ್ಲಿ, ಗಾಳಿಯೇ ಒದ್ದೆಯಾಗಿರುವಾಗ, ಹೊರಗೆ ಐಸ್ ಬೀಳುವಷ್ಟು ಚಳಿ ಇಲ್ಲದಿದ್ದರೂ ಥ್ರಾಟಲ್ ಹತ್ತಿರ ಐಸ್ ಕಟ್ಟಬಹುದು. ಗಾಡಿ ಹತ್ತು ನಿಮಿಷ ಓಡಿ, ಐಡ್ಲಿಂಗ್‌ನಲ್ಲಿ ಆಫ್ ಆಗುತ್ತದೆ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಜನ ಆಗ ಕಾಯಿಲ್ ಬದಲಿಸುತ್ತಾರೆ! ನೋಡಬೇಕಾದದ್ದು ಮ್ಯಾನಿಫೋಲ್ಡ್ ಕೆಳಗೆ ಹೋಗುವ ಸಣ್ಣ ಬಿಸಿ ಪೈಪ್. ಸೈಲೆನ್ಸರ್‌ನ ಬಿಸಿ ಹೊಗೆ ಅದರೊಳಗೆ ಓಡಾಡಿ ಕಾರ್ಬೊರೇಟರ್ ಬುಡವನ್ನು ಬೆಚ್ಚಗಿಡುತ್ತದೆ. ಐದು ಹತ್ತು ನಿಮಿಷ ಐಡ್ಲಿಂಗ್ ಬಿಟ್ಟ ಮೇಲೆ ಎರಡೂ ತುದಿಯ ಹತ್ತಿರ ಕೈ ಒಯ್ದು ನೋಡಿ, ಮುಟ್ಟಬೇಡಿ, ಸುಡುತ್ತದೆ. ಬಿಸಿ ಇಲ್ಲದಿದ್ದರೆ ಒಳಗೆ ಮಸಿ ಕಟ್ಟಿದೆ. ಅಥವಾ ಹೊಸ ಸೈಲೆನ್ಸರ್ ಹಾಕಿದಾಗ ಅದರ ಫ್ಲೇಂಜ್‌ನಲ್ಲಿ ತೂತೇ ಇರಲಿಲ್ಲ, ಇದು ಬಹಳ ಸಾಮಾನ್ಯ. ಮಧ್ಯದಲ್ಲಿ ಕೂರುವ ದೊಡ್ಡ ವೆಬರ್ ಪ್ರೊಗ್ರೆಸಿವ್ ಕಾರ್ಬೊರೇಟರನ್ನು ನಾನು ಕೊಡಗಿಗೆ ಬೇಡ ಎನ್ನುವುದೂ ಇದಕ್ಕೇ. ಅದರ ಮ್ಯಾನಿಫೋಲ್ಡ್ ಸರಿಯಾಗಿ ಬಿಸಿಯಾಗುವುದಿಲ್ಲ.

ಎತ್ತರ ಮತ್ತು ಪೆಟ್ರೋಲಿನ ವಿಚಾರಕ್ಕೆ ಬರೋಣ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಗಾಳಿ ಕರಾವಳಿಗಿಂತ ಹತ್ತು ಶೇಕಡಾ ತೆಳು, ಹಾಗಾಗಿ ಅದೇ ಜೆಟ್ ಇಲ್ಲಿ ಐದಾರು ಶೇಕಡಾ ಜಾಸ್ತಿ ಪೆಟ್ರೋಲ್ ಕೊಟ್ಟ ಹಾಗೆ ಆಗುತ್ತದೆ. ಹಳೆಯ ಪುಸ್ತಕಗಳು ಬೆಟ್ಟದಲ್ಲಿ ಜೆಟ್ ಒಂದು ಮೆಟ್ಟಿಲು ಸಣ್ಣದು ಮಾಡಿ ಎನ್ನುತ್ತವೆ. ಆದರೆ ಈಗ ಪಂಪ್‌ಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದು ಉರಿಯಲು ಕಡಿಮೆ ಗಾಳಿ ಸಾಕು, ಆದ್ದರಿಂದ ಮಿಶ್ರಣ ಏಳೆಂಟು ಶೇಕಡಾ ತೆಳುವಾಗುತ್ತದೆ. ಎತ್ತರ ಒಂದು ಕಡೆ ಎಳೆದರೆ ಎಥನಾಲ್ ಇನ್ನೊಂದು ಕಡೆ ಎಳೆಯುತ್ತದೆ, ಮಡಿಕೇರಿಯಲ್ಲಿ ಎರಡೂ ಹೆಚ್ಚು ಕಡಿಮೆ ಸರಿಹೋಗುತ್ತವೆ. ಸುಮ್ನೆ ಜೆಟ್ ಸಣ್ಣದು ಮಾಡಬೇಡಿ. 34 ಪಿಕ್ಟ್-3ರಲ್ಲಿ 127.5 ಮೇನ್ ಜೆಟ್ ಇದ್ದರೆ ಇರಲಿ. ಮಂಗಳೂರು, ಕಣ್ಣೂರು ಕಡೆ ಜಾಸ್ತಿ ಓಡುವವರು 130 ಅಥವಾ 132.5 ಹಾಕಿಕೊಳ್ಳಬೇಕು. ಕೆಳಗೆ ಎತ್ತರದ ಲಾಭ ಇಲ್ಲ, ತೆಳು ಮಿಶ್ರಣದಲ್ಲಿ ಹೆಡ್ ಬಿಸಿಯಾಗುತ್ತದೆ.

ಅದೇ ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಪೈಪ್, ಆಕ್ಸಿಲೇಟರ್ ಪಂಪಿನ ಡಯಾಫ್ರಂ ಎಲ್ಲವನ್ನೂ ಎಥನಾಲ್ ತಡೆಯುವ ಹೊಸದಕ್ಕೆ ಬದಲಿಸಿ. ಕಾರ್ಬೊರೇಟರ್ ಮೇಲ್ಭಾಗಕ್ಕೆ ಪೆಟ್ರೋಲ್ ತರುವ ಹಿತ್ತಾಳೆ ಕೊಳವೆ ಕೈಯಲ್ಲಿ ಅಲ್ಲಾಡುತ್ತದಾ ನೋಡಿ. ಅಲ್ಲಾಡಿದರೆ ಆ ಕಾರ್ಬೊರೇಟರ್‌ನಲ್ಲಿ ಗಾಡಿ ಓಡಿಸಬೇಡಿ. ಅದು ಕಳಚಿ ಬಿದ್ದರೆ ಪೆಟ್ರೋಲ್ ನೇರ ಬಿಸಿ ಎಂಜಿನ್ ಮೇಲೆ, ಡಿಸ್ಟ್ರಿಬ್ಯೂಟರ್ ಪಕ್ಕಕ್ಕೆ ಸುರಿಯುತ್ತದೆ. ಬೀಟಲ್‌ಗಳು ಸುಟ್ಟುಹೋಗಿರುವುದು ಹೀಗೆಯೇ. ಪ್ಲಾಸ್ಟಿಕ್ ಫಿಲ್ಟರನ್ನೂ ಎಂಜಿನ್ ಕೋಣೆಯಲ್ಲಿ ನೇತು ಹಾಕಬೇಡಿ, ಗಾಡಿ ಕೆಳಗೆ ಟ್ಯಾಂಕ್ ಕಡೆಗೆ ಹಾಕಿ.

ಹೊಸದಾ, ಹಳೆಯದಾ? ಥ್ರಾಟಲ್ ಶಾಫ್ಟ್‌ಗೆ ಹೊಸ ಬುಷ್ ಹಾಕಿದ ಹಳೆಯ ಜರ್ಮನ್ ಸೋಲೆಕ್ಸ್ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಅದು ಸಿಗದಿದ್ದರೆ ಬ್ರೆಜಿಲ್‌ನ ಬ್ರೋಸೋಲ್ ಪರವಾಗಿಲ್ಲ. ಹಳೆಯದನ್ನು ಕೊಳ್ಳುವಾಗ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಗಾಡಿಯಲ್ಲೇ ಇದ್ದರೆ, ಐಡ್ಲಿಂಗ್‌ನಲ್ಲಿ ಶಾಫ್ಟ್ ತುದಿಗೆ ಒಂದು ಚೂರು ಕಾರ್ಬೊರೇಟರ್ ಕ್ಲೀನರ್ ಹೊಡೆದಾಗ ಎಂಜಿನ್ ಸದ್ದು ಬದಲಾದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ ಎಂದರ್ಥ. ಎಂಜಿನ್ ತಣ್ಣಗಿರುವಾಗಲೇ ಇದನ್ನು ಮಾಡಿ. ಚೋಕ್ 6 ವೋಲ್ಟಾ 12 ವೋಲ್ಟಾ ಎಂದೂ ಓದಿಕೊಳ್ಳಿ. ಡಿಸ್ಟ್ರಿಬ್ಯೂಟರ್ ಆದರೆ ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ. ಒಳಗಿನ ಪ್ಲೇಟ್ ತಿರುಗಿ ಅಲ್ಲೇ ನಿಲ್ಲಬೇಕು. ವಾಪಸ್ ಬಂದರೆ ಡಯಾಫ್ರಂ ಹರಿದಿದೆ. ತೂಕ ಇರುವ ಡಿಸ್ಟ್ರಿಬ್ಯೂಟರ್ ಆದರೆ ರೋಟರ್ ತಿರುಗಿಸಿ ಬಿಟ್ಟಾಗ ಸ್ಪ್ರಿಂಗ್ ಅದನ್ನು ಚಟ್ಟನೆ ವಾಪಸ್ ತರಬೇಕು, ಶಾಫ್ಟ್ ಅಡ್ಡಡ್ಡ ಆಡಬಾರದು.

ಕೂರಿಸುವ ಕ್ರಮ ತಪ್ಪಿಸಬೇಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ (ವಾಲ್ವ್ ಹತ್ತಿರದ ಸಂದು) 0.15 ಮಿ.ಮೀ. ಇಡಿ. ಆಮೇಲೆ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಸಂದು 0.4 ಮಿ.ಮೀ. ಆಮೇಲೆ ಕಿಡಿಯ ಟೈಮಿಂಗ್. ಎಸ್‌ವಿಡಿಎ ಆದರೆ ಪೈಪ್ ಕಳಚಿ ಮುಚ್ಚಿ, ಎಂಜಿನನ್ನು ನಿಮಿಷಕ್ಕೆ 3,500 ಸುತ್ತಿನ ಹತ್ತಿರ ಏರಿಸಿ, ಟೈಮಿಂಗ್ ಲೈಟ್‌ನಲ್ಲಿ 30 ಡಿಗ್ರಿಗಿಂತ ಮೇಲೆ ಹೋಗದ ಹಾಗೆ ನೋಡಿಕೊಳ್ಳಿ, ನಂತರ ಪೈಪ್ ಹಾಕಿ. ಕಾರ್ಬೊರೇಟರ್ ಕೊನೆಗೆ. 34 ಪಿಕ್ಟ್-3ರಲ್ಲಿ ಥ್ರಾಟಲ್ ತೋಳಿನ ಸ್ಕ್ರೂ ಮುಟ್ಟಿ ಐಡ್ಲಿಂಗ್ ಏರಿಸುವುದು ಎಲ್ಲರೂ ಮಾಡುವ ತಪ್ಪು. ಎಂಜಿನ್ ಬಿಸಿಯಾಗಿ ಚೋಕ್ ಪೂರ್ತಿ ತೆರೆದಾಗ ಆ ಸ್ಕ್ರೂ ಚೋಕ್‌ನ ಮೆಟ್ಟಿಲು ಚಕ್ರಕ್ಕೆ (ಕ್ಯಾಮ್) ತಾಗಿ ಕಾಲು ಸುತ್ತು ಒಳಗೆ ಇರಲಿ, ಅಷ್ಟೇ. ಎಡಗಡೆಯ ಸಣ್ಣ ಸ್ಕ್ರೂ ಮಿಶ್ರಣದ್ದು, ಮೆತ್ತಗೆ ಒಳಗೆ ಕೂರಿಸಿ ಎರಡೂವರೆ ಸುತ್ತು ಹೊರಗೆ ತನ್ನಿ. ದೊಡ್ಡ ಸ್ಕ್ರೂನಿಂದ ಐಡ್ಲಿಂಗ್ 850ಕ್ಕೆ ತನ್ನಿ. ಮತ್ತೆ ಸಣ್ಣದನ್ನು ತಿರುಗಿಸಿ ಎಂಜಿನ್ ಅತಿ ವೇಗವಾಗಿ ಓಡುವ ಜಾಗ ಹುಡುಕಿ, ಎಂಜಿನ್ ವೇಗ ನಿಮಿಷಕ್ಕೆ ಇಪ್ಪತ್ತು ಮೂವತ್ತು ಸುತ್ತು ಇಳಿಯುವಷ್ಟು ಸ್ಕ್ರೂ ಒಳಗೆ ಹಾಕಿ, ದೊಡ್ಡದರಿಂದ 850 ಸರಿ ಮಾಡಿ. 30 ಪಿಕ್ಟ್-1ರಲ್ಲಿ ಆ ದೊಡ್ಡ ಸ್ಕ್ರೂ ಇಲ್ಲ, ಅಲ್ಲಿ ಥ್ರಾಟಲ್ ಸ್ಕ್ರೂನಿಂದಲೇ ಐಡ್ಲಿಂಗ್.

ಇಷ್ಟಾದ ಮೇಲೆ ಸಂಪಾಜೆಯಿಂದ ಮಡಿಕೇರಿಗೆ ಒಂದು ಸಲ ಹತ್ತಿ. ಮೇಲೆ ಬಂದ ತಕ್ಷಣ, ಐಡ್ಲಿಂಗ್ ಬಿಡದೆ, ಕ್ಲಚ್ ಒತ್ತಿ ಎಂಜಿನ್ ಆಫ್ ಮಾಡಿ ಗಾಡಿ ಪಕ್ಕಕ್ಕೆ ನಿಲ್ಲಿಸಿ. ಸ್ವಲ್ಪ ತಣ್ಣಗಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ಕಾಫಿಪುಡಿಯ ತೆಳು ಕಂದು ಬಣ್ಣ ಇದ್ದರೆ ಜೆಟ್ ಸರಿ ಇದೆ. ಬೆಳ್ಳಗಿದ್ದರೆ ಒಂದು ಮೆಟ್ಟಿಲು ದೊಡ್ಡದು ಹಾಕಿ, ಮಸಿ ಇದ್ದರೆ ಒಂದು ಮೆಟ್ಟಿಲು ಸಣ್ಣದು. ಹಾಕಿದ ಮೇಲೆ ಮತ್ತೆ ಅದೇ ಘಾಟಿ ಹತ್ತಿ ನೋಡಿ.