ಚೆರ್ರಿ ಆಸೆಯಿಂದ ಸೇಬಿನ ತೋಟಕ್ಕೆ

2018ರ ಮೇ ತಿಂಗಳಲ್ಲಿ ಹಿಮಾಚಲದ ನಾರ್ಕಂಡಾ ಕಡೆ ಹೋಗಿದ್ದೆ. ರಸ್ತೆ ಬದಿಯಲ್ಲಿ ಸಣ್ಣ ಡಬ್ಬಗಳಲ್ಲಿ ಚೆರ್ರಿ ಮಾರುತ್ತಿದ್ದರು. ಬಾಯಿಗೆ ಹಾಕಿಕೊಂಡಾಗಲೇ ಶಿರಾ ಹತ್ತಿರದ ನಮ್ಮ ಕೆಂಪು ಮಣ್ಣಿನ ಹೊಲ ನೆನಪಾಯಿತು. ಅಲ್ಲಿ ಹಾಕಿದರೆ ಬರುತ್ತಾ ಅಂತ ತೋಟದವರೊಬ್ಬರನ್ನು ಕೇಳಿದೆ. ಅವರು ತಿರುಗಿ ಕೇಳಿದ್ದು ಇಷ್ಟೇ: "ನಿಮ್ಮಲ್ಲಿ ಚಳಿ ಎಷ್ಟು ಗಂಟೆ ಸಿಗುತ್ತೆ?"

ಚಳಿಗೂ ಗಂಟೆ ಲೆಕ್ಕ ಇದೆ ಅಂತ ಗೊತ್ತಾಗಿದ್ದೇ ಅವತ್ತು. ಚೆರ್ರಿ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆಗೆ ಜಾರುತ್ತದೆ. ಸುಮಾರು 7 ಡಿಗ್ರಿಗಿಂತ ಕಡಿಮೆ ಚಳಿ ಸಾವಿರ ಗಂಟೆಯ ಆಸುಪಾಸು ಸಿಕ್ಕರೇನೇ ಹೆಚ್ಚಿನ ತಳಿಗಳಲ್ಲಿ ಮೊಗ್ಗು ಸರಿಯಾಗಿ ಒಡೆಯುವುದು. ನಮ್ಮೂರಲ್ಲಿ ಜನವರಿ ಬೆಳಗಿನ ಜಾವವೂ 7ಕ್ಕೆ ಇಳಿದದ್ದು ನಾನು ಕಂಡಿಲ್ಲ. ಚೆರ್ರಿ ಆಸೆ ಅಲ್ಲಿಗೇ ಬಿಟ್ಟೆ.

ಆಮೇಲೆ ಹಿಡಿದದ್ದು ಇಸ್ರೇಲಿನ ಅನ್ನಾ ಸೇಬು. ಇದಕ್ಕೆ 200–300 ಗಂಟೆ ಚಳಿ ಸಾಕು. ಅಷ್ಟೂ ನಮ್ಮಲ್ಲಿಲ್ಲ, ನಿಜ. ಆದರೆ ಇಂಡೋನೇಷ್ಯಾದ ಬಾತು ಊರಿನಲ್ಲಿ ಇದೇ ಅನ್ನಾವನ್ನು ಚಳಿಯ ಬದಲು ಎಲೆ ಕಿತ್ತು ಹೂಬಿಡಿಸುತ್ತಾರೆ. ಅದೇ ಧೈರ್ಯದ ಮೇಲೆ 2019ರ ಜನವರಿಯಲ್ಲಿ ಒಂದು ಎಕರೆಗೆ 10 ಅಡಿ ಅಂತರದಲ್ಲಿ 400 ಕಸಿ ಸಸಿ ನೆಟ್ಟೆ. ಡ್ರಿಪ್ ಹಾಕಿದೆ, ಕಸಿ ಗಂಟು, ಅಂದರೆ ಕಸಿ ಕಟ್ಟಿದ ಜಾಗ, ಮಣ್ಣಿನ ಮೇಲೇ ಇರುವಂತೆ ನೋಡಿಕೊಂಡೆ.

ಒಂದು ತಪ್ಪಾಯಿತು. 400ಕ್ಕೆ 400ನ್ನೂ ಅನ್ನಾ ಒಂದನ್ನೇ ಹಾಕಿದ್ದೆ. ಸಸಿ ಕೊಟ್ಟವರೂ ಏನೂ ಹೇಳಲಿಲ್ಲ. 2021ರಲ್ಲಿ ತೋಟದ ತುಂಬಾ ಹೂವು, ಕಾಯಿ ಮಾತ್ರ ಬೆರಳೆಣಿಕೆ. ಅನ್ನಾ ತನ್ನದೇ ಪರಾಗದಿಂದ ಚೆನ್ನಾಗಿ ಕಾಯಿ ಕಚ್ಚುವುದಿಲ್ಲ. ಪಕ್ಕದಲ್ಲಿ ಅದರ ಜೊತೆಗೇ ಅರಳುವ ಡಾರ್ಸೆಟ್ ಗೋಲ್ಡನ್‌ನಂಥ ಬೇರೆ ಸೇಬಿನ ತಳಿ ಇರಬೇಕು. ಡಾರ್ಸೆಟ್ ಗೋಲ್ಡನ್ ಕಡ್ಡಿ ತರಿಸಿ, ಪ್ರತಿ ಐದನೇ ಗಿಡದ ಒಂದೊಂದು ಕೊಂಬೆಗೆ ಕಸಿ ಕಟ್ಟಿದೆ. ಎರಡು ಜೇನು ಪೆಟ್ಟಿಗೆಯನ್ನೂ ಇಟ್ಟೆ.

ಎಲೆ ಕೀಳುವುದೇ ಇಲ್ಲಿ ದೊಡ್ಡ ಕೆಲಸ. ಡಿಸೆಂಬರ್‌ನಲ್ಲಿ ನೀರು ಕಡಿಮೆ ಮಾಡಿ, ಕೊಂಬೆಗಳನ್ನು ದಾರ ಕಟ್ಟಿ ಅಡ್ಡಕ್ಕೆ ಬಗ್ಗಿಸುತ್ತೇವೆ. ಆಮೇಲೆ ಒಂದೊಂದೇ ಎಲೆ. ಅಮ್ಮ ಮೊದಲ ಸಲ ಒಪ್ಪಲೇ ಇಲ್ಲ. "ಹಸಿರೆಲೆ ಕಿತ್ತರೆ ಗಿಡ ಬದುಕುತ್ತೇನೋ ಮಗಾ?" ಅಂದರು. ಕೊನೆಗೆ ಉಪಾಯ ಹೇಳಿಕೊಟ್ಟಿದ್ದೂ ಅವರೇ. ಎಲೆ ಹಿಡಿದು ಜಗ್ಗಿದರೆ ತೊಟ್ಟಿನ ಬುಡದಲ್ಲಿ ಕೂತ ಅಕ್ಕಿಕಾಳಿನಷ್ಟು ಮೊಗ್ಗೂ ಕಿತ್ತು ಬರುತ್ತಿತ್ತು. ಅಮ್ಮ ಕತ್ತರಿ ತಂದು, ತೊಟ್ಟು ಉಳಿಸಿ ಎಲೆಯನ್ನಷ್ಟೇ ಕತ್ತರಿಸಿದರು. ಕೆಲವು ದಿನಕ್ಕೆ ತೊಟ್ಟು ಹಳದಿಯಾಗಿ ತಾನೇ ಉದುರಿತು, ಮೊಗ್ಗು ಹಾಗೇ ಉಳಿಯಿತು. ನೀರು ಬಿಟ್ಟ ಮೇಲೆ ಅದೇ ಜಾಗದಲ್ಲಿ ಗುಲಾಬಿ ಬಣ್ಣದ ಮೊಗ್ಗುಗಳ ಗೊಂಚಲು! ಅದನ್ನು ನೋಡಿದ ಬೆಳಿಗ್ಗೆ ನಾನು ಮರೆಯೋದಿಲ್ಲ.

ಹಣ್ಣು ಮೇ–ಜೂನ್‌ನಲ್ಲಿ ಬರುತ್ತದೆ, ಶಿಮ್ಲಾ ಸೇಬು ಮಾರುಕಟ್ಟೆಗೆ ಬರೋ ಮುಂಚೆ. ಬಣ್ಣ ಸ್ವಲ್ಪ ತೆಳು, ಹಳದಿ ಜಾಸ್ತಿ. ಜಾಸ್ತಿ ದಿನ ಇಟ್ಟರೆ ಮೆತ್ತಗಾಗುತ್ತದೆ. ಅದಕ್ಕೇ ಮಂಡಿಗೆ ಕಳಿಸುವುದಿಲ್ಲ. ಬೆಳಿಗ್ಗೆ ಕಿತ್ತದ್ದನ್ನು ಅವತ್ತೇ ಹೊಲದ ಬದುವಿನಲ್ಲಿ ತಕ್ಕಡಿ ಇಟ್ಟು ಮಾರುತ್ತೇವೆ.