ಗೇರಿಲ್ಲದ ಸೈಕಲ್ಲಲ್ಲಿ ಮಳೆಗಾಲದ ಆಗುಂಬೆ ಘಾಟಿ: ನನ್ನ ಅನುಭವ

ಇಪ್ಪತ್ತೆಂಟು ಇಂಚಿನ ಹಳೆಯ ಅಟ್ಲಾಸ್ ಸೈಕಲ್ಲನ್ನು ಆಷಾಢದ ಮಳೆಯಲ್ಲಿ ಘಾಟಿ ಬುಡದ ಸೋಮೇಶ್ವರದಿಂದ ಆಗುಂಬೆವರೆಗೆ ಎಲ್ಲೂ ಇಳಿದು ನೂಕದೆ ಹತ್ತಿಸಬಹುದು. ನಾನು ಹತ್ತಿಸಿದ್ದೇನೆ, ಅದೂ ಹಿಂದೆ ಹತ್ತು ಕೆಜಿ ಸಾಮಾನು ಕಟ್ಟಿಕೊಂಡು. ಗೇರ್ ಸೈಕಲ್ಲಿನ ಗೆಳೆಯರು ಆಗದು ಅಂದಿದ್ದರು. ರಿಪೇರಿ ಅಂಗಡಿಯವರು, ಹತ್ತಬಹುದೇನೋ, ಇಳಿಯುವಾಗ ಬ್ರೇಕ್ ಹಿಡಿಯದು ಅಂದರು. ಎರಡನೆಯ ಮಾತಿನಲ್ಲಿ ಹುರುಳಿತ್ತು. ಆದ್ದರಿಂದ ಬ್ರೇಕಿನ ವಿಚಾರವನ್ನು ಇಲ್ಲಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಹಲ್ಲಿನ ಲೆಕ್ಕ. ನಮ್ಮ ಸಾದಾ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 44 ಹಲ್ಲಿನ ಚೈನ್‌ವೀಲ್, ಹಿಂದೆ 18ರ ಫ್ರೀವೀಲ್. ಒಂದು ಸುತ್ತು ತುಳಿದರೆ ಸುಮಾರು 5.4 ಮೀಟರ್ ಓಡುತ್ತದೆ. ಸವಾರ, ಸೈಕಲ್ಲು, ಸಾಮಾನು ಸೇರಿ ನೂರು ಕೆಜಿ ಅಂದುಕೊಂಡರೆ, ನೂರಕ್ಕೆ ಏಳರ ಏರಿನಲ್ಲಿ ಪೆಡಲ್ ಮೇಲೆ ಸರಾಸರಿ 40 ಕೆಜಿ ಒತ್ತಡ ಬೇಕು. ಅಷ್ಟನ್ನು ಒಂದು ಫರ್ಲಾಂಗು ಎಳೆಯಬಹುದು, ಹತ್ತು ಕಿಲೋಮೀಟರ್ ಆಗದು. ಮುಂದೆ 32, ಹಿಂದೆ 22 ಮಾಡಿದರೆ ಸುತ್ತಿಗೆ 3.2 ಮೀಟರ್, ಒತ್ತಡ 24 ಕೆಜಿ. ಇದು ಕೂತುಕೊಂಡೇ ತುಳಿಯುವ ಮಟ್ಟ. ನಿಮಿಷಕ್ಕೆ 45 ಸುತ್ತು ತುಳಿದರೆ ಗಂಟೆಗೆ ಎಂಟೂವರೆ ಕಿಲೋಮೀಟರ್ ಸಾಗುತ್ತದೆ. ಸಮತಟ್ಟಿನಲ್ಲಿ ಹದಿನೈದರ ಮೇಲೆ ಹೋಗದು. ಉಡುಪಿಯಿಂದ ಹೆಬ್ರಿ ದಾಟಿ ಸೋಮೇಶ್ವರ ಮುಟ್ಟಲು ಮೂರು ಗಂಟೆ ಬೇಕೇಬೇಕು. ಆ ನಷ್ಟ ಒಪ್ಪಿಕೊಂಡವರಿಗೆ ಮಾತ್ರ ಈ ದಾರಿ.

22ರ ಫ್ರೀವೀಲ್ ದೊಡ್ಡ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ, ಇನ್ನೂರೈವತ್ತರ ಆಸುಪಾಸು. ಅಗ್ಗದ್ದು ತಂದರೆ ಒಳಗಿನ ಕುದುರೆ (ಹಲ್ಲಿಗೆ ಸಿಕ್ಕಿ ಚಕ್ರವನ್ನು ಎಳೆಯುವ ಪುಟ್ಟ ಕೀಲು) ಸವೆದು, ಏರಿನ ನಡುವೆಯೇ ಪೆಡಲ್ ಗಕ್ಕನೆ ಜಾರುತ್ತದೆ. ಮೊಣಕಾಲು ಹ್ಯಾಂಡಲ್‌ಗೆ ಬಡಿಯುವುದು ಹೀಗೆಯೇ. ಒಳ್ಳೆಯ ಫ್ರೀವೀಲ್ ಕೂಡ ಗ್ರೀಸ್ ತುಂಬಿದರೆ ಕೆಡುತ್ತದೆ. ಚಳಿಗೆ ಗ್ರೀಸ್ ಗಟ್ಟಿಯಾಗಿ ಕುದುರೆ ಮೇಲೇಳುವುದಿಲ್ಲ. ಫ್ರೀವೀಲ್‌ಗೆ ತೆಳು ಎಣ್ಣೆ ಮಾತ್ರ.

ಕಷ್ಟ ಇರುವುದು ಚೈನ್‌ವೀಲ್‌ನಲ್ಲಿ. ಹಳೆಯ ಸೈಕಲ್ಲಿನಲ್ಲಿ ಅದು ಬಲಗಡೆಯ ಕ್ರ್ಯಾಂಕಿಗೆ (ಪೆಡಲ್ ಹಿಡಿದ ತೋಳಿಗೆ) ಒತ್ತಿ ಕೂರಿಸಿದ್ದು, ಬಿಚ್ಚಲು ಬರುವುದಿಲ್ಲ. ಮಕ್ಕಳ ಸೈಕಲ್ಲಿನ ಇಡೀ ಸೆಟ್ ಹಾಕಿದರೆ ಹಲ್ಲು ಕಡಿಮೆಯಾಗುತ್ತದೆ, ಆದರೆ ಕ್ರ್ಯಾಂಕೂ ಗಿಡ್ಡವಾಗಿ ಹಲ್ಲಿನಲ್ಲಿ ಗಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ. ಕ್ರ್ಯಾಂಕ್ ಆರೂವರೆ ಇಂಚು ಇರಲೇಬೇಕು. ಚೌಕ ತುದಿಯ ಆ್ಯಕ್ಸಲ್ ತಂದು ಈಗಿನ ಕ್ರ್ಯಾಂಕ್ ಕೂರಿಸುವುದೂ ಒಂದು ದಾರಿ, ಆದರೆ ಬಿಬಿ (ಕ್ರ್ಯಾಂಕಿನ ಆ್ಯಕ್ಸಲ್ ಕೂರುವ ಬಾಟಮ್ ಬ್ರ್ಯಾಕೆಟ್) ಕಪ್ಪಿನ ಥ್ರೆಡ್ ಎಲ್ಲ ಹಳೆಯ ಫ್ರೇಮಿಗೂ ಒಂದೇ ಅಲ್ಲ. ಬಲವಂತವಾಗಿ ತಿರುಗಿಸಿದರೆ ಫ್ರೇಮೇ ಹಾಳು. ಕೊನೆಗೆ ನಿಂತದ್ದು ಲೇತ್ ಕೆಲಸ: ಮೂಲ ಕ್ರ್ಯಾಂಕಿನ 44ರ ಹಲ್ಲುಬಳೆಯನ್ನು ಕತ್ತರಿಸಿ, ಮಕ್ಕಳ ಸೈಕಲ್ಲಿನ 32ರದ್ದನ್ನು ಅಳತೆಗೆ ಕೊರೆದು, ಅದರ ಮೇಲೆ ಕೂರಿಸಿ ವೆಲ್ಡ್ ಮಾಡಿಸುವುದು. ಒಂದೇ ಕಡೆಯಿಂದ ಸುತ್ತ ವೆಲ್ಡ್ ಎಳೆದರೆ ಕಾವಿಗೆ ಸೊಟ್ಟಗಾಗುತ್ತದೆ. ಎದುರುಬದುರು ನಾಲ್ಕು ಕಡೆ ಚುಕ್ಕೆ ಹಾಕಿ, ಆರಿಸಿ, ಮತ್ತೆ ತುಂಬಬೇಕು. ನಡುಬಿಂದು ಅರ್ಧ ಮಿಲಿಮೀಟರ್ ತಪ್ಪಿದರೂ ಚೈನು ಪ್ರತಿ ಸುತ್ತಿಗೂ ಒಮ್ಮೆ ಬಿಗಿ, ಒಮ್ಮೆ ಸಡಿಲ. ಹೀಗೆ ಕೆಟ್ಟ ಎರಡು ಸೆಟ್ ನನ್ನ ಹತ್ತಿರ ಇನ್ನೂ ಇವೆ, ಹೆಚ್ಚುಕಮ್ಮಿ ಸಾವಿರದ ಇನ್ನೂರು ರೂಪಾಯಿ ಅವುಗಳ ಪಾಲಾಯಿತು. ನಡುವನ್ನು ತಪ್ಪದಂತೆ ಹಿಡಿಯುವ ಉಪಾಯ ಲೇತ್ ಕೆಲಸದವರಿಂದ ಕಲಿತದ್ದು, ಅವರ ಹೊಟ್ಟೆಪಾಡಿನ ವಿದ್ಯೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಹಲ್ಲು ಬದಲಾದ ಮೇಲೆ ಚೈನಿನಲ್ಲಿ ಅರ್ಧ ಇಂಚಿನ ನಾಲ್ಕು ಕೊಂಡಿ ತೆಗೆಯಬೇಕು. ಮುಂದಿನ, ಹಿಂದಿನ ಹಲ್ಲು ಒಂದೇ ಗೆರೆಯಲ್ಲಿ ಇವೆಯೇ ಎಂದು ಉದ್ದದ ಅಡಿಪಟ್ಟಿ ಇಟ್ಟು ನೋಡಿ. ಮೂರು ಮಿಲಿಮೀಟರ್‌ಗಿಂತ ಹೆಚ್ಚು ಓರೆಯಾದರೆ ಗುಂಡಿಯಲ್ಲಿ ಚೈನ್ ಕಳಚುವುದು ಖಚಿತ. ಚಕ್ರದ ಆ್ಯಕ್ಸಲ್‌ಗೆ ವಾಷರ್ ಹಾಕಿ ಸರಿಮಾಡಿಕೊಳ್ಳಬಹುದು.

ಕ್ರ್ಯಾಂಕನ್ನು ಆ್ಯಕ್ಸಲ್‌ಗೆ ಬಿಗಿಹಿಡಿಯುವ ಕಾಟರ್ ಪಿನ್ ಬಗ್ಗೆ ಒಂದು ಮಾತು. ಏರಿನಲ್ಲಿ ಮೊದಲು ಸೋಲುವ ಭಾಗ ಇದೇ. ನಟ್ ಬಿಗಿಮಾಡಿದರೆ ಪಿನ್ ಕೂರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಟ್ ಇರುವುದು ಪಿನ್ ಬೀಳದಂತೆ ಹಿಡಿಯಲು ಮಾತ್ರ. ಕ್ರ್ಯಾಂಕಿನ ಕೆಳಗೆ ದಪ್ಪ ಕೊಳವೆಯ ತುಂಡನ್ನು ನೆಲಕ್ಕೆ ಊರಿ ಆಸರೆ ಕೊಟ್ಟು, ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಕು, ಇಲ್ಲವಾದರೆ ಪೆಟ್ಟೆಲ್ಲ ಬಿಬಿ ಬಾಲ್ಸ್ ಮೇಲೆ. ಎಡಬಲದ ಪಿನ್ನುಗಳು ಒಂದಕ್ಕೊಂದು ಎದುರು ದಿಕ್ಕಿನಿಂದ ಒಳಹೋಗಬೇಕು, ಚಪ್ಪಟೆ ಮುಖ ಎರಡರದೂ ಒಂದೇ ಓರೆಯಲ್ಲಿ ಅರ ಹಾಕಿರಬೇಕು. ಹೊಸ ಪಿನ್ ಹಾಕಿ ಮೂವತ್ತು ನಲವತ್ತು ಕಿಲೋಮೀಟರ್ ತುಳಿದ ಮೇಲೆ ಇನ್ನೊಮ್ಮೆ ಪೆಟ್ಟು ಕೊಟ್ಟು ನಟ್ ಬಿಗಿದರೆ, ಅದು ಆ ಮಳೆಗಾಲವಿಡೀ ಅಲುಗುವುದಿಲ್ಲ.

ಇನ್ನು ಬ್ರೇಕು. ಹೊಳಪಿನ ಸ್ಟೀಲ್ ರಿಮ್, ವೈರ್ ಬದಲು ಕಂಬಿಯಿಂದ ಎಳೆಯುವ ಕಂಬಿ ಬ್ರೇಕು, ಅದರ ಕರಿ ರಬ್ಬರು: ಮೂರೂ ಒದ್ದೆಯಾದ ಮೇಲೆ ಹಿಡಿತ ಎಂಬುದೇ ಇರುವುದಿಲ್ಲ. ಮೆತ್ತನೆಯ ರಬ್ಬರ್ ಹಾಕಿ ನೋಡಿದೆ, ಒಂದು ಇಳಿತಕ್ಕೇ ಅರ್ಧ ಸವೆಯಿತು. ರಬ್ಬರಿನಲ್ಲಿ ಗೀರು ಕೊರೆದದ್ದರಿಂದಲೂ ಏನೂ ಹೆಚ್ಚಲಿಲ್ಲ. ಕೆಲಸ ಮಾಡಿದ್ದು ಚರ್ಮ. ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ಅಟ್ಟೆಯ ಗಟ್ಟಿ ಚರ್ಮ, ಮೂರು ಮಿಲಿಮೀಟರ್ ದಪ್ಪದ್ದು. ಬ್ರೇಕ್ ರಬ್ಬರಿನ ಮುಖವನ್ನು ಅಷ್ಟೇ ಆಳಕ್ಕೆ ಕೊರೆದು, ಆ ತಗ್ಗಿನಲ್ಲಿ ಚರ್ಮ ಕೂರಿಸಿ ಅಂಟು ಹಾಕಬೇಕು. ಬರೀ ಮೇಲೆ ಅಂಟಿಸಿದರೆ ಎರಡನೆಯ ತಿರುವಿಗೆ ಕಿತ್ತುಬರುತ್ತದೆ. ಮೊಳೆ ಹೊಡೆದರೆ ಚರ್ಮ ಸವೆದಂತೆ ತಲೆ ಹೊರಬಂದು ರಿಮ್ಮನ್ನು ಗೀರುತ್ತದೆ. ನಾಲ್ಕು ತುಂಡಿಗೆ ನೂರು ರೂಪಾಯಿಯೂ ಆಗಲಿಲ್ಲ. ಅಂಟಿಸುವ ಮೊದಲು ಚರ್ಮಕ್ಕೆ ಒಂದು ಸಂಸ್ಕಾರ ಮಾಡುತ್ತೇನೆ, ಅದು ನನ್ನಲ್ಲೇ ಇರಲಿ. ಅದಿಲ್ಲದೆಯೂ ಒದ್ದೆಯಲ್ಲಿ ರಬ್ಬರಿಗಿಂತ ಚರ್ಮದ ಹಿಡಿತ ಎಷ್ಟೋ ಮೇಲು. ಬೇಸಿಗೆಯಲ್ಲಿ ಚರ್ಮದ ಮುಖ ಗಾಜಿನ ಹಾಗೆ ನುಣುಪಾಗುತ್ತದೆ, ಮರಳು ಕಾಗದ ಉಜ್ಜಿದರೆ ಸರಿ. ಎಣ್ಣೆ ತಾಗಿದ ಚರ್ಮವನ್ನು ಮಾತ್ರ ಎಸೆದುಬಿಡಿ.

ಹಿಂದಿನ ಕಂಬಿ ಬ್ರೇಕಿನ ರಬ್ಬರು ರಿಮ್ಮನ್ನು ಒಳಮುಖದಿಂದ ಒತ್ತುತ್ತದೆ. ಚೈನ್ ಬಿಗಿಮಾಡಲು ಚಕ್ರವನ್ನು ಹಿಂದಕ್ಕೆ ಎಳೆದಾಗಲೆಲ್ಲ ಬ್ರೇಕಿನ ಅಂತರವೂ ಬದಲಾಗುತ್ತದೆ. ಮರೆಯದೆ ಮತ್ತೆ ಹೊಂದಿಸಬೇಕು. ಸಮತಟ್ಟಿಗೊಂದು, ಏರಿಗೊಂದು ಎಂದು ಎರಡು ಅಳತೆಯ ಹಲ್ಲು ಇಡುವ ವ್ಯವಸ್ಥೆ ನನ್ನ ಕೈಗೆ ಹತ್ತದಿದ್ದುದಕ್ಕೂ ಇದೇ ಕಾರಣ. ಟೂರ್ ಡಿ ಫ್ರಾನ್ಸ್ ಸೈಕಲ್ ಓಟದಲ್ಲಿ 1937ಕ್ಕೆ ಮುಂಚೆ ಗೇರ್ ಬದಲಿಸುವ ಡೀರೇಲರ್‌ಗೆ ಅನುಮತಿ ಇರಲಿಲ್ಲ. ಅಲ್ಲಿನ ಸವಾರರು ಚಕ್ರದ ಎರಡೂ ಮಗ್ಗುಲಿಗೆ ಬೇರೆ ಬೇರೆ ಹಲ್ಲು ಹಾಕಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು ಚಕ್ರ ತಿರುಗಿಸಿ ಹಾಕುತ್ತಿದ್ದರು. ಅದೇ ರೀತಿ 18 ಮತ್ತು 22 ಇಟ್ಟರೆ ಆ್ಯಕ್ಸಲ್ ಅರ್ಧ ಇಂಚು ಮುಂದೆಹಿಂದೆ ಆಗುತ್ತದೆ, ಅಷ್ಟು ಅಂತರವನ್ನು ಕಂಬಿ ಬ್ರೇಕು ತಡೆದುಕೊಳ್ಳುವುದಿಲ್ಲ. ನಮ್ಮ ಸೈಕಲ್ಲಿನ ಹಬ್ಬಿನ (ಚಕ್ರದ ನಡುವಿನ ಗುಂಬದ) ಇನ್ನೊಂದು ಮಗ್ಗುಲಿಗೆ ಥ್ರೆಡ್ಡೂ ಇಲ್ಲ. ವೈರ್ ಬ್ರೇಕಿನ ಫ್ರೇಮಿನಲ್ಲಿ ಯಾರಾದರೂ ಮಾಡಿ ನೋಡಬಹುದು.

ಚೈನಿಗೆ ಏನು ಹಾಕಬೇಕು ಎಂಬುದನ್ನೂ ಪರೀಕ್ಷಿಸಿದೆ. ತೆಂಗಿನೆಣ್ಣೆ ಹೆಬ್ರಿ ಬರುವುದರೊಳಗೆ ತೊಳೆದುಹೋಯಿತು. ಕರಗಿಸಿದ ಮೇಣ ಬೇಸಿಗೆಗೆ ಚೆನ್ನ, ಧಾರಾಕಾರ ಮಳೆಗೆ ಸಾಲದು. ಲಾರಿ ಗ್ಯಾರೇಜಿನಲ್ಲಿ ಸಿಗುವ 90ರ ಗೇರ್ ಆಯಿಲ್ ನಿಂತಿತು. ಸಂಜೆ ಹಚ್ಚಿ, ಬೆಳಗ್ಗೆ ಹೊರಗಿನದನ್ನು ಬಟ್ಟೆಯಿಂದ ಒರೆಸಿ ಹೊರಟರೆ ಆಗುಂಬೆ ತಲುಪಿದಾಗಲೂ ಚೈನು ಸದ್ದುಮಾಡದು.

ಸಾಮಾನಿಗೆ ಅಂಗಡಿಯ ಬ್ಯಾಗು ಬೇಡ. ಹೋಟೆಲಿನವರು ಮಾರುವ ಹದಿನೈದು ಲೀಟರಿನ ಚೌಕ ಎಣ್ಣೆ ಕ್ಯಾನ್ ಎರಡು, ಮೇಲ್ಭಾಗ ಕತ್ತರಿಸಿ, ಹಳೆಯ ರೆಕ್ಸಿನ್ ಮುಚ್ಚಳ ಹೊಲಿಸಿ, ಕ್ಯಾರಿಯರ್‌ನ ಎರಡೂ ಕಡೆ ಕಬ್ಬಿಣದ ಪಟ್ಟಿಯಿಂದ ನೇತುಹಾಕಿದರೆ ಹನಿ ನೀರು ಒಳಹೋಗದು. ಹಿಂದಿನ ಚಕ್ರಕ್ಕೆ ನಲವತ್ತು ಕಡ್ಡಿ ಇರುವುದರಿಂದ ಭಾರದ ಚಿಂತೆಯಿಲ್ಲ. ಹಿಮ್ಮಡಿ ತಾಗದಷ್ಟು ಹಿಂದಕ್ಕೆ ಕಟ್ಟಬೇಕು ಅಷ್ಟೆ. ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿ ಏರು ತುಳಿದರೆ ಬೆವರಿಗೇ ತೊಯ್ಯುತ್ತೀರಿ. ಕಂಬಳಿ ಕೊಪ್ಪೆ ಬೆಚ್ಚಗಿರುತ್ತದೆ, ಆದರೆ ನೀರು ಕುಡಿದ ಮೇಲೆ ಅದರ ಭಾರವನ್ನೂ ಘಾಟಿ ಹತ್ತಿಸಬೇಕು. ಹತ್ತುವಾಗ ಮಳೆಯಲ್ಲಿ ನೆನೆಯುತ್ತಲೇ ಹೋಗುವುದು ಲೇಸು. ಒಣಬಟ್ಟೆ ಕ್ಯಾನಿನಲ್ಲಿರಲಿ, ಮೇಲೆ ಮುಟ್ಟಿದ ಕೂಡಲೆ ಬದಲಿಸಿ. ರೇನ್‌ಕೋಟ್ ಬೇಕಾಗುವುದು ಇಳಿಯುವಾಗಿನ ಚಳಿಗಾಳಿಗೆ.

ದಾರಿ ಎಲ್ಲರಿಗೂ ಗೊತ್ತು: 169ಎ ಹೆದ್ದಾರಿ, ಹದಿನಾಲ್ಕು ತಿರುವು, ಮೇಲೆ ಸುಮಾರು 640 ಮೀಟರ್ ಎತ್ತರದ ಆಗುಂಬೆ, ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ. ಬೆಳಕು ಹರಿದ ಮೇಲೆಯೇ ಸೋಮೇಶ್ವರ ಬಿಡಿ. ತಿರುವಿನ ಒಳಅಂಚು ಬಹಳ ಕಡಿದು. ಎದುರು ವಾಹನ ಇಲ್ಲದಿದ್ದರೆ ಹೊರಗಿನಿಂದ ಅಗಲಕ್ಕೆ ಸುತ್ತಿ ಹತ್ತಬೇಕು. ಮಿನಿ ಬಸ್ಸಿನ ಹಾರ್ನ್ ಕೇಳಿದರೆ ತಿರುವಿಗೆ ಹತ್ತು ಮಾರು ಮುಂಚೆಯೇ ಅಂಚಿಗೆ ನಿಲ್ಲಿ, ಏಕೆಂದರೆ ತಿರುಗುವಾಗ ಅದಕ್ಕೆ ಇಡೀ ರಸ್ತೆ ಬೇಕು. ಡೈನಮೊ ಒದ್ದೆ ಟೈರಿನ ಮೇಲೆ ಜಾರುವುದರಿಂದ ಮಂಜಿನಲ್ಲಿ ಅದನ್ನು ನೆಚ್ಚಬೇಡಿ, ಬ್ಯಾಟರಿಯ ಕೆಂಪು ದೀಪ ಹಿಂದೆ ಇರಲಿ.

ಈ ವೇಗದಲ್ಲಿ ಕಾಡು ಬಹಳ ಹತ್ತಿರ. ಮುಂಜಾನೆ ತೊರೆಗಳ ಪಕ್ಕ ಮಲಬಾರ್ ವಿಸ್ಲಿಂಗ್ ಥ್ರಷ್ ಹಕ್ಕಿಯ ಸಿಳ್ಳೆ ನೀರಿನ ಸದ್ದನ್ನೂ ಮೀರಿ ಕೇಳುತ್ತದೆ, ಎಂಜಿನ್ ಗಾಡಿಯಲ್ಲಿ ಹೋಗುವವರಿಗೆ ಅದು ಸಿಗುವುದೇ ಇಲ್ಲ. ಕಪ್ಪೆ, ಏಡಿ ರಸ್ತೆ ದಾಟುತ್ತಿರುತ್ತವೆ, ತಪ್ಪಿಸಿ ತುಳಿಯುವಷ್ಟು ಸಮಯ ನಮಗಿರುತ್ತದೆ. ಆದರೆ ಸೈಕಲ್ಲಿಗೆ ಸದ್ದಿಲ್ಲ, ಅದೇ ಅಪಾಯ. ಕಾಟಿಗೆ (ಕಾಡುಕೋಣಕ್ಕೆ) ನಾವು ಬಂದದ್ದು ಗೊತ್ತಾಗುವುದಿಲ್ಲ. ಪ್ರತಿ ಕುರುಡು ತಿರುವಿಗೂ ಮುಂಚೆ ಗಂಟೆ ಬಾರಿಸಿ, ಎದುರಾದರೆ ನಿಂತು ಅದಕ್ಕೆ ಹೋಗಲು ಬಿಡಿ. ದಣಿವಾಯಿತೆಂದು ತಡೆಗೋಡೆಗೋ ಬದಿಯ ಪೊದೆಗೋ ನೋಡದೆ ಕೈ ಊರಬೇಡಿ. ಮಳೆಗಾಲದಲ್ಲಿ ಮಲಬಾರ್ ಪಿಟ್ ವೈಪರ್ ಎಂಬ ವಿಷದ ಹಾವು ಕೂರುವುದು ಅಂಥ ಗಿಡ, ಬಂಡೆಗಳ ಮೇಲೆಯೇ, ಬಣ್ಣವೂ ಅದಕ್ಕೆ ಹೊಂದಿದ್ದೇ. ಸೋಮೇಶ್ವರ ಅಭಯಾರಣ್ಯ ಸಿಂಗಳೀಕನ ನೆಲೆ. ಮರದ ತುದಿಯಲ್ಲಿ ಬದುಕಬೇಕಾದ ಪ್ರಾಣಿ ಬಾಳೆಹಣ್ಣು, ಬಿಸ್ಕತ್ತಿನ ಆಸೆಗೆ ರಸ್ತೆಗೆ ಇಳಿದರೆ ಗಾಡಿಗೆ ಸಿಕ್ಕಿ ಸಾಯುತ್ತದೆ. ದಯವಿಟ್ಟು ಏನನ್ನೂ ಹಾಕಬೇಡಿ. ಮಂಗಗಳಿಗೂ ಅಷ್ಟೆ. ತಿಂಡಿ ಹ್ಯಾಂಡಲ್‌ಗೆ ನೇತುಹಾಕದೆ ಕ್ಯಾನಿನೊಳಗಿಡಿ.

ಉಂಬಳಕ್ಕೆ (ಕಾಡಿನ ಜಿಗಣೆಗೆ) ಬೂಟಿಗಿಂತ ಚಪ್ಪಲಿ ವಾಸಿ, ಹತ್ತಿದ್ದು ಕಣ್ಣಿಗೆ ಕಾಣುತ್ತದೆ. ಕಣಕಾಲಿಗೆ ಸುಣ್ಣ, ಹೊಗೆಸೊಪ್ಪು ಅರೆದು ಹಚ್ಚಿದರೂ ಮಳೆ ಅದನ್ನು ತೊಳೆಯುತ್ತದೆ. ಹುಲ್ಲಿನ ಅಂಚಿಗೆ ಕಾಲಿಡದೆ ಡಾಂಬರಿನ ಮೇಲೇ ನಿಂತರೆ ಮುಕ್ಕಾಲು ಪಾಲು ತಪ್ಪುತ್ತದೆ. ಹತ್ತಿದ್ದನ್ನು ಉಗುರಿನಿಂದ ಬಾಯಿಯ ಕಡೆಯೇ ಸರಿಸಿ ತೆಗೆಯಿರಿ. ರಕ್ತ ಬಹಳ ಹೊತ್ತು ಜಿನುಗಿದರೂ ಗಾಬರಿ ಬೇಡ.

ಇಳಿಯುವಾಗ ಗಂಟೆಗೆ ಇಪ್ಪತ್ತು ದಾಟಬಾರದು. ತಿರುವು ಬರುವ ಮೂವತ್ತು ಮೀಟರ್ ಮುಂಚೆಯೇ ಬ್ರೇಕನ್ನು ಹಗುರವಾಗಿ ತಾಗಿಸಿದರೆ ಮೊದಲ ಒಂದೆರಡು ಸುತ್ತಿನಲ್ಲಿ ರಿಮ್ಮಿನ ನೀರು ಒರೆಸಿಹೋಗುತ್ತದೆ, ಹಿಡಿತ ಸಿಗುವುದು ಆಮೇಲೆ. ನಾಲ್ಕನೆಯ, ಎಂಟನೆಯ ತಿರುವಿನ ಹತ್ತಿರ ನಿಂತು ಚರ್ಮ ಎಷ್ಟು ಉಳಿದಿದೆ ನೋಡಿಕೊಳ್ಳುತ್ತೇನೆ. ಒಂದು ಜೊತೆ ಮೂರು ನಾಲ್ಕು ಇಳಿತ ಬರುತ್ತದೆ.

ಹಳೆಯ ಸೈಕಲ್ಲು ಎರಡೂವರೆ ಸಾವಿರ, ಉಳಿದ ಕೆಲಸ, ಕೆಟ್ಟ ಭಾಗ ಎಲ್ಲ ಸೇರಿ ಮೂರು ಸಾವಿರದ ಹತ್ತಿರ. ಒಟ್ಟು ಐದೂವರೆ ಸಾವಿರ, ಒಳ್ಳೆಯ ಗೇರ್ ಸೈಕಲ್ಲಿಗಿಂತ ಎಷ್ಟೋ ಕಡಿಮೆ. ಇದರಲ್ಲಿ ಚಾರ್ಮಾಡಿಯೂ ಹತ್ತುತ್ತದೆ, ಆದರೆ ಅದು ಆಗುಂಬೆಗಿಂತ ಉದ್ದ, ಆನೆಗಳ ಓಡಾಟವೂ ಇದೆ, 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮುಚ್ಚಿದ್ದ ದಾರಿ. ಜೋರು ಮಳೆ ಕಳೆದು ಸೆಪ್ಟೆಂಬರ್ ಕೊನೆಗೆ, ಪೊಲೀಸ್ ಚೌಕಿಯಲ್ಲಿ ವಿಚಾರಿಸಿಕೊಂಡು ಹೊರಡಿ. ಹಿಂದೆ 24 ಹಲ್ಲು ಸಿಕ್ಕರೆ ಇನ್ನೂ ಹಗುರ. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು, ಇಳಿಯುವ ಮುಂಚೆ ಹೊಸ ಚರ್ಮ ಹಾಕಿಕೊಳ್ಳಿ. ಶಿರಾಡಿಯನ್ನು ಮಾತ್ರ ಬಿಟ್ಟುಬಿಡಿ. ಟ್ಯಾಂಕರ್, ಕಂಟೇನರ್‌ಗಳ ನಡುವೆ ಗಂಟೆಗೆ ಎಂಟು ಕಿಲೋಮೀಟರಿನ ಸೈಕಲ್ಲಿಗೆ ಅಲ್ಲಿ ಜಾಗವಿಲ್ಲ.