ತಗ್ಗು ಯಾರದು, ಗಟಾರ ಯಾರದು: ಬೆಳಗಾವಿಯಲ್ಲಿ ದೂರು ಬರೆಯುವ ಮೊದಲು

ಮನೆಯ ಮುಂದಿನ ರಸ್ತೆಯಲ್ಲಿ ತಗ್ಗು ಬಿದ್ದ ಕೂಡಲೇ ನಾವು ಮಾಡುವ ಮೊದಲ ಕೆಲಸವೆಂದರೆ ಪಾಲಿಕೆಯನ್ನು ಬೈಯುವುದು. ಆ ರಸ್ತೆ ಪಾಲಿಕೆಯದು ಹೌದೋ ಅಲ್ಲವೋ ಎಂದು ವಿಚಾರಿಸುವವರು ಕಡಿಮೆ. ಬೆಳಗಾವಿಯಲ್ಲಂತೂ ಈ ವಿಚಾರಣೆ ಇಲ್ಲದೆ ಬರೆದ ಅರ್ಜಿ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆಯುತ್ತ ಮಳೆಗಾಲವನ್ನೇ ಕಳೆದುಬಿಡುತ್ತದೆ. ಆದ್ದರಿಂದ ಅರ್ಜಿಯ ಮೊದಲ ಸಾಲು ಬರೆಯುವುದಕ್ಕಿಂತ ಮೊದಲು ಆಸ್ತಿ ಯಾರದೆಂದು ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.

ನಗರದ 58 ವಾರ್ಡುಗಳ ಒಳರಸ್ತೆ, ಗಟಾರ, ಬೀದಿದೀಪ ಮತ್ತು ಕಸ ವಿಲೇವಾರಿ ಮಹಾನಗರ ಪಾಲಿಕೆಯ ಹೊಣೆಯಾಗಿದ್ದು, ಇದಕ್ಕೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯೇ ಆಧಾರ. ಆದರೆ ಕ್ಯಾಂಪ್ ಪ್ರದೇಶದಲ್ಲಿ ಆಡಳಿತ ನಡೆಸುವುದು ರಕ್ಷಣಾ ಸಚಿವಾಲಯದ ಅಡಿಯಲ್ಲಿರುವ ಕಂಟೋನ್ಮೆಂಟ್ ಬೋರ್ಡ್. ಅಲ್ಲಿಯ ಗಟಾರದ ಬಗ್ಗೆ ಪಾಲಿಕೆಗೆ ಅರ್ಜಿ ಕೊಟ್ಟರೆ ಅದನ್ನು ಓದುವವರೂ ಸಿಗಲಿಕ್ಕಿಲ್ಲ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರ ಮೇಲಿನ ತಗ್ಗಿಗೆ ಹೆದ್ದಾರಿಯ ಸಹಾಯವಾಣಿ 1033 ಇದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿವೆ. ನಗರಾಭಿವೃದ್ಧಿ ಪ್ರಾಧಿಕಾರ ನಿರ್ಮಿಸಿದ ಬಡಾವಣೆಯು ಪಾಲಿಕೆಗೆ ಹಸ್ತಾಂತರವಾಗುವವರೆಗೆ ಅಲ್ಲಿಯ ರಸ್ತೆಗೆ ಪಾಲಿಕೆಯವರು ಹಣ ಹಾಕುವುದು ಕಷ್ಟ. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದವರು ಈ ಹಸ್ತಾಂತರದ ಸಂಗತಿಯನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು.

ಬೀದಿದೀಪದಲ್ಲಿ ಒಂದು ಸೂಕ್ಷ್ಮವಿದೆ. ದೀಪ ಪಾಲಿಕೆಯದಾದರೂ ಅದನ್ನು ಹೊತ್ತ ವಿದ್ಯುತ್ ಕಂಬ ಸಾಮಾನ್ಯವಾಗಿ ವಿದ್ಯುತ್ ಪೂರೈಸುವ ಕಂಪನಿಯಾದ ಹೆಸ್ಕಾಂನದು. ದೀಪ ಹತ್ತದಿದ್ದರೆ ಪಾಲಿಕೆಗೆ ತಿಳಿಸಬೇಕು. ಕಂಬ ವಾಲಿದ್ದರೆ, ತಂತಿ ಜೋತುಬಿದ್ದಿದ್ದರೆ ಅಥವಾ ಮಳೆಯಲ್ಲಿ ಕಂಬ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಅರ್ಜಿ ಬರೆಯುತ್ತ ಕೂಡದೆ ಹಗಲು ರಾತ್ರಿ ಎನ್ನದೆ ಹೆಸ್ಕಾಂನ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು.

ಎಲ್ಲಕ್ಕಿಂತ ತೊಡಕಿನದು ನೀರಿನ ವಿಷಯ. ಊರಿಗೆ ರಕ್ಕಸಕೊಪ್ಪ ಜಲಾಶಯದಿಂದಲೂ ಹಿಡಕಲ್ ಜಲಾಶಯದಿಂದಲೂ ನೀರು ಬರುತ್ತದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಯ ಜೊತೆಗೆ ಬೆಳಗಾವಿಯ ಕೆಲವು ವಾರ್ಡುಗಳಿಗೂ ಬಹಳ ಹಿಂದೆಯೇ 24 ಗಂಟೆ ನೀರು ಬಂದಿತು; ಉಳಿದ ಕಡೆ ದಿನ ಬಿಟ್ಟು ದಿನ ಕಾಯುವ ರೂಢಿ ಬೆಳೆಯಿತು. ಸರತಿಯ ಮೇಲೆ ನೀರು ಬಿಡುವ ಕೊಳವೆಗೆ ಒಂದು ದೋಷವಿದೆ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ, ಸೋರುವ ಜೋಡಣೆಯ ಸುತ್ತ ಗಟಾರದ ನೀರು ನಿಂತಿದ್ದರೆ ಅದು ಒಳಕ್ಕೆ ಸೇರುತ್ತದೆ, ಮರುದಿನ ನಳ ಬಿಟ್ಟಾಗ ಮೊದಲು ಬರುವುದು ಅದೇ. ಹೀಗಾಗಿ ನಳದ ನೀರಿಗೆ ವಾಸನೆ ಬಂದರೆ "ನೀರು ಹೊಲಸಾಗಿದೆ" ಎಂದಷ್ಟೇ ಬರೆಯದೆ, ನಳ ಬಿಟ್ಟ ಎಷ್ಟು ನಿಮಿಷದವರೆಗೆ ವಾಸನೆ ಇರುತ್ತದೆ, ಅಕ್ಕಪಕ್ಕದ ಯಾವ ಯಾವ ಮನೆಗಳಲ್ಲಿ ಹಾಗಾಗಿದೆ ಎಂಬುದನ್ನು ಬರೆಯಿರಿ. ವಾಸನೆ ಆರಂಭವಾಗುವ ಮನೆ ಯಾವುದೆಂದು ತಿಳಿದರೆ ಎಲ್ಲಿ ಅಗೆಯಬೇಕೆಂಬುದೂ ಬಹುಮಟ್ಟಿಗೆ ತಿಳಿಯುತ್ತದೆ. ಜೊತೆಗೆ ಉಳಿಕೆ ಕ್ಲೋರಿನ್, ಅಂದರೆ ಶುದ್ಧೀಕರಣಕ್ಕೆ ಹಾಕಿದ ಕ್ಲೋರಿನ್‌ನಲ್ಲಿ ನಳದವರೆಗೆ ಉಳಿದು ಬಂದದ್ದರ, ಪರೀಕ್ಷೆಯನ್ನೂ ಕೇಳಬಹುದು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಬಳಕೆದಾರರ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು, ಮತ್ತು ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು.

ನಮ್ಮ ಗಲ್ಲಿಯ ತುದಿಯಲ್ಲಿ ಒಂದೇ ಜಾಗದಲ್ಲಿ ಮೂರು ಸಲ ತಗ್ಗು ಮುಚ್ಚಿದರು, ಮೂರು ಸಲವೂ ಅದು ಬಾಯಿ ತೆರೆಯಿತು. ಒಂದು ಕಚೇರಿಯವರು ಅದು ಕೊಳವೆಯವರ ಕೆಲಸವೆಂದರು, ಇನ್ನೊಂದು ಕಚೇರಿಯವರು ರಸ್ತೆಯವರ ಕೆಲಸವೆಂದರು. ಕೊನೆಗೆ ವಾಲ್ವ್ ತಿರುಗಿಸಲು ಬರುವ ಹಿರಿಯರೊಬ್ಬರು ಸೈಕಲ್ ನಿಲ್ಲಿಸಿ, "ನೀರ್ ಬಿಟ್ಟ್ ದಿನಾ ಹಸಿ ಇರ್ತದ, ಮರುದಿನಾ ಒಣಗ್ತದ. ತಗ್ಗ್ ಮುಚ್ಚಿ ಏನ್ ಮಾಡ್ತೀರಿ ಸರ, ತೆಳಗ ಲೈನ್ ಸೋರಾಕತ್ತೈತಿ" ಎಂದರು. ಅಗೆದು ನೋಡಿದಾಗ ಮುಖ್ಯ ಕೊಳವೆಯಿಂದ ಮನೆಯೊಂದಕ್ಕೆ ಸಂಪರ್ಕ ಕೊಟ್ಟ ಜೋಡಣೆ ಸಡಿಲವಾಗಿತ್ತು. ಅದನ್ನು ಬಿಗಿಗೊಳಿಸಿದ ಮೇಲೆ ಹಾಕಿದ ನಾಲ್ಕನೆಯ ತೇಪೆ ಇಂದಿಗೂ ನಿಂತಿದೆ. ಅಂದಿನಿಂದ ನಾನು ಒಂದು ವಾರ ನೋಡದೆ ಯಾವ ತಗ್ಗಿನ ಬಗ್ಗೆಯೂ ಅರ್ಜಿ ಬರೆದಿಲ್ಲ. ನೀರು ಬಿಟ್ಟ ದಿನ ಮಾತ್ರ ಹಸಿಯಾಗುವ ತಗ್ಗು ಕುಡಿಯುವ ನೀರಿನ ಕೊಳವೆಯದು. ಮಳೆ ಬಂದಾಗ ಮಾತ್ರ ತುಂಬುವ ತಗ್ಗು ಗಟಾರದ್ದು. ಸದಾ ಹಸಿಯಾಗಿದ್ದು ವಾಸನೆ ಬರುವ ತಗ್ಗು ಒಳಚರಂಡಿಯದು ಎಂದು ಸ್ಥೂಲವಾಗಿ ಹೇಳಬಹುದು. ಅರ್ಜಿಯಲ್ಲಿ ತಗ್ಗಿನ ಜೊತೆಗೆ ನೀರಿನ ಮೂಲವನ್ನೂ ಕಾಣಿಸಿದರೆ ಎರಡು ವಿಭಾಗಗಳು ಒಬ್ಬರತ್ತ ಒಬ್ಬರು ಬೆರಳು ತೋರಿಸಲು ಆಸ್ಪದ ಕಡಿಮೆಯಾಗುತ್ತದೆ.

ಒಳಚರಂಡಿಯ ಚೇಂಬರ್ ಉಕ್ಕಿದಾಗಲೂ ಇಂಥದೇ ಒಂದು ಗಮನ ಬೇಕು. ಇಳಿಜಾರಿನ ಮೇಲ್ಭಾಗದ ಚೇಂಬರ್ ಉಕ್ಕುತ್ತಿದ್ದು ಅದರ ಕೆಳಗಿನದು ಸುಮ್ಮನಿದ್ದರೆ ಕಟ್ಟಿಕೊಂಡಿರುವುದು ಅವೆರಡರ ನಡುವಿನ ಕೊಳವೆ. ಇಷ್ಟನ್ನು ಬರೆದರೆ ರಭಸದ ನೀರು ಹಾಯಿಸಿ ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರದವರಿಗೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ. ಮುಚ್ಚಳವನ್ನು ತಾವಾಗಿ ತೆರೆಯಬಾರದು, ಯಾರನ್ನೂ ಹಣ ಕೊಟ್ಟು ಒಳಗಿಳಿಸಬಾರದು. ಒಳಗಿನ ವಿಷಾನಿಲ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಿಸುತ್ತದೆ. ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಂತೆ ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡನ್ನೂ ತರಬಲ್ಲದು. ಇನ್ನು, ಮಳೆಗಾಲದಲ್ಲಿ ಮಾತ್ರ ಚೇಂಬರ್ ಉಕ್ಕುತ್ತಿದ್ದರೆ ಒಮ್ಮೆ ಗಲ್ಲಿಯ ಮನೆಗಳ ಮಾಳಿಗೆಯ ಕಡೆಗೆ ಕಣ್ಣು ಹಾಯಿಸಿ. ಮಾಳಿಗೆಯ ಮಳೆನೀರಿನ ಕೊಳವೆಯನ್ನು ಯಾರೋ ಸದ್ದಿಲ್ಲದೆ ಒಳಚರಂಡಿಗೆ ಜೋಡಿಸಿರುವ ಸಾಧ್ಯತೆ ಹೆಚ್ಚು. ಆ ಯಾರೋ ನಾವೇ ಆಗಿರುವುದೂ ಉಂಟು.

ಅರ್ಜಿಯ ಭಾಷೆ ಹೇಗಿರಬೇಕೆಂದರೆ, ಅದನ್ನು ಓದಿದ ಕಿರಿಯ ಅಭಿಯಂತರರು ಸ್ಥಳಕ್ಕೆ ಬರುವ ಮೊದಲೇ ಅಂದಾಜು ಪತ್ರಿಕೆಯ ಅರ್ಧವನ್ನು ಮನಸ್ಸಿನಲ್ಲಿ ಬರೆಯುವಂತಿರಬೇಕು. "ರಸ್ತೆ ಪೂರ್ತಿ ಹಾಳಾಗಿದೆ, ಕೂಡಲೇ ಸರಿಪಡಿಸಬೇಕು" ಎಂಬ ಸಾಲಿನಿಂದ ಏನೂ ಹುಟ್ಟುವುದಿಲ್ಲ. "ಇಂಥ ಸಂಖ್ಯೆಯ ವಿದ್ಯುತ್ ಕಂಬದಿಂದ ಪೂರ್ವಕ್ಕೆ 4 ಮೀಟರ್ ದೂರದಲ್ಲಿ ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲ, 10 ಸೆಂಟಿಮೀಟರ್ ಆಳದ ತಗ್ಗು ಇದೆ, ಪಕ್ಕದ ಗಟಾರದ ಎರಡು ಫರಸಿ ಒಡೆದು ಒಳಗೆ ಬಿದ್ದಿರುವುದರಿಂದ ನೀರು ರಸ್ತೆಗೆ ಹರಿಯುತ್ತಿದೆ" ಎಂದು ಬರೆದರೆ ಅದರಲ್ಲಿ ಜಾಗ, ಅಳತೆ, ಕಾರಣ ಮೂರೂ ಇವೆ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ಗಟಾರ, ಬೀದಿನಾಯಿ, ಉದ್ಯಾನದ ಜೋಕಾಲಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಅದು ಯಾವ ಮೇಜಿಗೂ ಸೇರುವುದಿಲ್ಲ. ಕಸಕ್ಕೆ ಸಂಬಂಧಿಸಿದ್ದು ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ, ಕಾಮಗಾರಿಗೆ ಸಂಬಂಧಿಸಿದ್ದು ಅಭಿಯಂತರರಿಗೆ ಹೋಗಬೇಕು. ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು ಹಾಗೂ ಆವಕ (ಸ್ವೀಕೃತಿ) ಸಂಖ್ಯೆ ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬಾರದು. ಪೌರಾಡಳಿತದ ಜನಹಿತ ಆ್ಯಪ್‌ನಲ್ಲಿ ಚಿತ್ರ ಸಹಿತ ದೂರು ದಾಖಲಿಸಬಹುದು; ರಾಜ್ಯ ಸರ್ಕಾರದ 1902 ಸಹಾಯವಾಣಿಯೂ ಇದೆ. ಸಣ್ಣ ಕೆಲಸಕ್ಕೆ ಆ್ಯಪ್ ಸಾಕಾಗಬಹುದು, ದೊಡ್ಡ ಕೆಲಸಕ್ಕೆ ಮೊಹರಿನ ಪ್ರತಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ.

ದೊಡ್ಡ ಕೆಲಸ ತಡವಾಗುವುದಕ್ಕೆ ಆಲಸ್ಯವೊಂದೇ ಕಾರಣವಲ್ಲ. ಅಭಿಯಂತರರು ದರಪಟ್ಟಿಯಂತೆ ಅಂದಾಜು ಪತ್ರಿಕೆ ಸಿದ್ಧಪಡಿಸಬೇಕು, ಅದಕ್ಕೆ ಆಡಳಿತಾತ್ಮಕ ಮತ್ತು ತಾಂತ್ರಿಕ ಮಂಜೂರಾತಿ ಸಿಗಬೇಕು, 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಆಗಬೇಕು, ಆಮೇಲೆ ಕಾರ್ಯಾದೇಶ. ಇವೆಲ್ಲಕ್ಕೂ ಮೂಲದಲ್ಲಿ ಕ್ರಿಯಾಯೋಜನೆಯಲ್ಲಿ, ಅಂದರೆ ಆ ವರ್ಷ ಕೈಗೊಳ್ಳುವ ಕೆಲಸಗಳ ಪಟ್ಟಿಯಲ್ಲಿ, ಆ ಕಾಮಗಾರಿಯ ಹೆಸರಿರಬೇಕು. ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಹೊಸ ಗಟಾರ ಬೇಕಾದವರು ಬಜೆಟ್ ಸಿದ್ಧವಾಗುವ ಮೊದಲೇ, ಅಂದರೆ ಡಿಸೆಂಬರ್–ಜನವರಿಯಲ್ಲಿ, ವಾರ್ಡಿನ ಸದಸ್ಯರಿಗೂ ಅಭಿಯಂತರರಿಗೂ ಅರ್ಜಿ ಕೊಡಬೇಕು. ಜುಲೈ ತಿಂಗಳಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಕೊಟ್ಟ ಅರ್ಜಿಗೆ ಸಿಗುವುದು ತಾತ್ಕಾಲಿಕ ಉಪಾಯ ಮಾತ್ರ. ಹೂಳಿನ ವಿಷಯ ಬೇರೆ. ಅದನ್ನು ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಎತ್ತಿಸಬೇಕು. ಎತ್ತಿದ ಹೂಳನ್ನು ನಾಲಾದ ದಂಡೆಯ ಮೇಲೇ ಗುಡ್ಡೆ ಹಾಕಿ ಹೋದರೆ ಮೊದಲ ದೊಡ್ಡ ಮಳೆಗೆ ಅಷ್ಟೂ ಮರಳಿ ಒಳಗಿಳಿಯುತ್ತದೆ. ನಮ್ಮ ಊರಿನ ಬಳ್ಳಾರಿ ನಾಲಾ ಉಕ್ಕಿ ಹೊಲಗಳಲ್ಲಿ ನೀರು ನಿಂತದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲಸ ಆರಂಭವಾದ ದಿನ ಗಲ್ಲಿಯವರು ಯಾರಾದರೂ ಒಬ್ಬರು ಎದುರಿಗೆ ನಿಂತು ನೋಡುವುದು ಅಗತ್ಯ. ತಗ್ಗು ಮುಚ್ಚುವ ಸರಿಯಾದ ಕ್ರಮ ಹೀಗಿದೆ: ಅದರ ಅಂಚನ್ನು ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ ನೇರಕ್ಕೆ ಕತ್ತರಿಸಬೇಕು, ಒಳಗಿನ ಮಣ್ಣು ಮತ್ತು ನೀರನ್ನು ಪೂರ್ತಿ ತೆಗೆಯಬೇಕು, ತಳಕ್ಕೂ ಅಂಚಿಗೂ ತೆಳುವಾಗಿ ಡಾಂಬರು ಬಳಿಯಬೇಕು, ಬಿಸಿ ಮಿಶ್ರಣ ತುಂಬಿ, ಆಳವಿದ್ದರೆ ಎರಡು ಪದರವಾಗಿ, ರೋಲರ್‌ನಿಂದ ಒತ್ತಬೇಕು. ಮಿಶ್ರಣ ಲಾರಿಯಿಂದ ಇಳಿಯುವಾಗ ಹೊಗೆಯಾಡುತ್ತಿರಬೇಕು. ತಣ್ಣಗಾಗಿ ಗಂಟು ಕಟ್ಟಿದ್ದರೆ ಎಷ್ಟು ಒತ್ತಿದರೂ ಖಡಿ ಒಂದಕ್ಕೊಂದು ಹಿಡಿಯುವುದಿಲ್ಲ. ತಗ್ಗಿನ ಕಸ ಗುಡಿಸದೆ ಸಲಿಕೆಯಿಂದ ಒಂದಿಷ್ಟು ಸುರಿದು, ಸಲಿಕೆಯ ಬೆನ್ನಿನಿಂದಲೇ ತಟ್ಟಿ ಮುಂದೆ ಹೋಗುವುದನ್ನು ಕಂಡರೆ ಅಲ್ಲಿಯೇ ವಿಡಿಯೊ ಮಾಡಿ ಅಭಿಯಂತರರಿಗೆ ಕಳಿಸಬೇಕು. ಕೂಲಿಯವರೊಡನೆ ಜಗಳಕ್ಕೆ ನಿಲ್ಲುವುದು ವ್ಯರ್ಥ, ಅನ್ಯಾಯವೂ ಹೌದು. ಸುರಿಯುವ ಮಳೆಯಲ್ಲಿ ಬಿಸಿ ಡಾಂಬರು ಹಾಕಲು ಬರುವುದಿಲ್ಲ; ಆಗ ಖಡಿ ಮತ್ತು ಮುರುಮು ತುಂಬಿ ಓಡಾಟಕ್ಕೆ ಅನುವು ಮಾಡಿದರೆ ಅದನ್ನು ಒಪ್ಪಿಕೊಳ್ಳಬೇಕು, ಆದರೆ ಮಳೆ ಹೋದ ಮೇಲೆ ಕಾಯಂ ತೇಪೆಯನ್ನು ನೆನಪಿಸುವ ಪತ್ರವನ್ನು ಹಳೆಯ ಆವಕ ಸಂಖ್ಯೆಯೊಂದಿಗೆ ಕೊಡಬೇಕು.

ಹೊಸ ರಸ್ತೆ ಬೇಗ ಕಿತ್ತು ಹೋದರೆ ಹೊಸ ಕಾಮಗಾರಿ ಕೇಳಬೇಡಿ. ಗುತ್ತಿಗೆಯ ಕರಾರಿನಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಂಬುದೊಂದು ಇರುತ್ತದೆ, ಅಷ್ಟು ಕಾಲ ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಬೇಕು, ಅವರ ಭದ್ರತಾ ಠೇವಣಿ ಇಲಾಖೆಯ ಬಳಿ ಇರುವುದೇ ಇದಕ್ಕಾಗಿ. ಈ ಅವಧಿ ಎಷ್ಟೆಂದು ಬಾಯಿಮಾತಿನಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಕಾರ್ಯಾದೇಶ, ಕರಾರು ಪತ್ರ ಮತ್ತು ಆದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳ ಪ್ರತಿ ಕೇಳಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ ಸಲ್ಲಿಸಬೇಕು. ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಇದೇ 2005ರ ಕಾಯ್ದೆಯಲ್ಲಿದ್ದು, ಅದನ್ನು ಬಳಸುವವರು ಕಡಿಮೆ. ಅಳತೆ ಪುಸ್ತಕದಲ್ಲಿ ಬರೆದ ಉದ್ದ ಅಗಲವನ್ನು ಟೇಪ್ ಹಿಡಿದು ರಸ್ತೆಯ ಮೇಲೆ ತಾಳೆ ನೋಡಲು ಒಂದು ಭಾನುವಾರದ ಬೆಳಗು ಸಾಕು. ಅವಧಿ ಮುಗಿಯುವ ದಿನಾಂಕವನ್ನು ಬರೆದಿಟ್ಟುಕೊಂಡು, ಅದಕ್ಕೆ ಎರಡು ತಿಂಗಳು ಇರುವಾಗಲೇ ರಸ್ತೆಯನ್ನು ಉದ್ದಕ್ಕೂ ನಡೆದು ನೋಡಿ ದೋಷಗಳ ಪಟ್ಟಿ ಕೊಡಬೇಕು. ಠೇವಣಿ ಗುತ್ತಿಗೆದಾರರಿಗೆ ಮರಳಿದ ಮೇಲೆ ಅದೇ ತಗ್ಗಿಗೆ ಹೊಸ ಅಂದಾಜು ಪತ್ರಿಕೆಯಾಗಿ, ಹೊಸ ಕ್ರಿಯಾಯೋಜನೆಯ ಸರದಿಯಲ್ಲಿ ನಿಲ್ಲಬೇಕಾಗುತ್ತದೆ.